ಬಟಾವಿಯಾ ಬಂದರಿನ ಡಚ್ ಚಿತ್ರಗಳು: ಕಣ್ಣಾರೆ ಕಂಡದ್ದೆಷ್ಟು, ಕೂತು ಕಟ್ಟಿದ್ದೆಷ್ಟು?

ನಕ್ಷೆಗಾರ

19ನೇ ಶತಮಾನದ ಡಚ್ ಚಿತ್ರಗಳಲ್ಲಿ ‘ರೇಡೆ ವಾನ್ ಬಟಾವಿಯಾ’ ಎಂಬ ಶೀರ್ಷಿಕೆ ಮತ್ತೆ ಮತ್ತೆ ಎದುರಾಗುತ್ತದೆ. ಬಟಾವಿಯಾ ಅಂದರೆ ಈಗಿನ ಜಕಾರ್ತ, ರೇಡೆ ಅಂದರೆ ದಡದಿಂದಾಚೆ ಹಡಗುಗಳು ಲಂಗರು ಹಾಕುವ ಜಾಗ. ತೈಲಚಿತ್ರವಾಗಲಿ ಕಲ್ಲಚ್ಚಾಗಲಿ (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚೊತ್ತಿದ್ದು), ಏರ್ಪಾಡು ಹೆಚ್ಚುಕಡಿಮೆ ಒಂದೇ. ಮುಕ್ಕಾಲು ಪಾಲು ಆಕಾಶ, ತೀರ ಕೆಳಗೆ ದಿಗಂತ, ನಡುವೆ ಒಂದು ದೊಡ್ಡ ಹಡಗು, ಮುಂದೆ ಕತ್ತಲೆ ನೀರಿನಲ್ಲಿ ಒಂದು ದೋಣಿ, ಹಿಂದೆ ನೀಲಿ ಬೆಟ್ಟ. ಇದೇ ಏರ್ಪಾಡು ನೆದರ್ಲ್ಯಾಂಡ್ಸ್‌ನ ಡಾರ್ಡ್ರೆಖ್ಟ್‌ನ ನದಿಚಿತ್ರಗಳಲ್ಲೂ ಇದೆ, ಬೆಟ್ಟ ಮಾತ್ರ ಇಲ್ಲ. ಹಾಗಾದರೆ ಚಿತ್ರಕಾರ ಅಲ್ಲಿಗೆ ಹೋಗಿ ನೋಡಿ ಬರೆದನೋ, ಆಮ್‌ಸ್ಟರ್‌ಡ್ಯಾಮಿನ ಕೋಣೆಯಲ್ಲಿ ಕೂತು ಕಟ್ಟಿದನೋ ಎಂದು ಚಿತ್ರದ ಒಳಗಿನಿಂದಲೇ ಹೇಳಲು ಸಾಧ್ಯವೇ? ಕಾಲ ಗುರುತಿಸುವುದು ಹೇಗೆ? ಶೈಲಿಯ ಮಾತು ಬೇಡ, ಅಳೆದು ನೋಡಬಹುದಾದ ಗುರುತುಗಳಿದ್ದರೆ ತಿಳಿಸಿ.

ಹಾಯಿಪಟ

ಮೊದಲು ನೀರಿನ ಆಳ. ಅದು ಗೊತ್ತಾದರೆ ಚಿತ್ರದ ಅರ್ಧ ಏರ್ಪಾಡು ತಾನಾಗಿ ಅರ್ಥವಾಗುತ್ತದೆ.

ಬಟಾವಿಯಾದ ಚಿಲಿವುಂಗ್ ನದಿ ಅಳಿವೆಯಲ್ಲಿ ಹೂಳು ಸುರಿಯುತ್ತಲೇ ಇತ್ತು. 19ನೇ ಶತಮಾನದ ಹೊತ್ತಿಗೆ ದೊಡ್ಡ ಹಡಗು ದಡದ ಹತ್ತಿರ ಬರುವ ಮಾತೇ ಇರಲಿಲ್ಲ. ಊರಿನಿಂದ ಕಡಲಿಗೆ ಹೋಗುವ ಕಾಲುವೆಯ ಬಾಯನ್ನು ಎರಡು ಉದ್ದ ಕಟ್ಟೆಗಳ ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು ಸಮುದ್ರದೊಳಗೆ ಚಾಚಿದ್ದರು. ಅದಕ್ಕೂ ಆಚೆ ಹಡಗುಗಳು ನಿಲ್ಲುತ್ತಿದ್ದವು. ಸರಕು, ಜನ, ಕುಡಿಯುವ ನೀರು ಎಲ್ಲವೂ ಸಣ್ಣ ದೋಣಿಗಳಲ್ಲೇ ಹೋಗಿಬರಬೇಕು. ಹಾಗಾಗಿ ಹಡಗಿನ ಕಡೆಯಿಂದ ನೋಡಿದರೆ ಊರು ಎಂಬುದು ದೂರದ ಒಂದು ಹಸಿರು ಗೆರೆ ಅಷ್ಟೇ. ಕೆಳಗಿನ ದಿಗಂತ ಡಚ್ಚರ ಅಭ್ಯಾಸವೂ ಹೌದು, ಅಲ್ಲಿನ ವಾಸ್ತವವೂ ಹೌದು. ಎರಡೂ ಹೊಂದಿಕೊಂಡದ್ದರಿಂದಲೇ ಕಟ್ಟಿ ಬರೆದ ಚಿತ್ರವೂ ನಂಬುವಂತೆ ಕಾಣುತ್ತದೆ.

ದೊಡ್ಡ ಹಡಗು ಕಲ್ಲಿನ ಧಕ್ಕೆಗೆ ತಾಗಿ ನಿಂತಿದ್ದು ಶೀರ್ಷಿಕೆ ‘ಬಟಾವಿಯಾ, 1850’ ಎಂದಿದ್ದರೆ, ಊರು ತಪ್ಪು ಅಥವಾ ವರ್ಷ ತಪ್ಪು. ಹಡಗು ದಡಕ್ಕೇ ಬಂದು ನಿಲ್ಲುವ ಬಂದರು ತಾಂಜುಂಗ್ ಪ್ರಿಯೋಕ್‌ನಲ್ಲಿ ಆಯಿತು, ಕೆಲಸ ಶುರುವಾದದ್ದೇ 1877ರಲ್ಲಿ. ಅದು ಹಳೆಯ ಊರಿನಿಂದ ಪೂರ್ವಕ್ಕಿದೆ.

ಇನ್ನು ಗಾಳಿ. ಬೆಳಗಿನ ಜಾವ ನೆಲಗಾಳಿ, ಅಂದರೆ ದಕ್ಷಿಣದಿಂದ ಸಮುದ್ರದ ಕಡೆಗೆ. ಹೊತ್ತೇರಿದ ಮೇಲೆ ಕಡಲಗಾಳಿ, ಉತ್ತರದಿಂದ ದಡಕ್ಕೆ. ಅಲ್ಲಿ ಭರತ ಇಳಿತದ ವ್ಯತ್ಯಾಸ ಒಂದು ಮೀಟರಿನ ಆಸುಪಾಸು. ಸೆಳೆತ ಅಷ್ಟಾಗಿ ಇಲ್ಲದ್ದರಿಂದ ಲಂಗರು ಹಾಕಿದ ಹಡಗು ಗಾಳಿಗೇ ಮೂತಿ ತಿರುಗಿಸುತ್ತದೆ. ಈಗ ಚಿತ್ರದಲ್ಲಿ ಧ್ವಜ, ಕೂವೆಮರದ ತುದಿಯ ಉದ್ದ ಪತಾಕೆ, ಅಡುಗೆ ಹೊಗೆ, ಹಡಗಿನ ಮೂತಿ, ಓಡುವ ದೋಣಿಯ ಹಾಯಿ, ಈ ಐದನ್ನೂ ಒಂದೊಂದಾಗಿ ನೋಡಿ. ಲಂಗರಿನ ಹಡಗಿನಲ್ಲಿ ಧ್ವಜ ಯಾವಾಗಲೂ ಹಿಂಭಾಗದ ಕಡೆಗೇ ಹಾರಬೇಕು. ಪಕ್ಕಕ್ಕೆ ಹಾರಿಸಿದವನು ಹಡಗನ್ನು ಒಂದು ರೇಖಾಚಿತ್ರದಿಂದ, ಧ್ವಜವನ್ನು ಅಂದಕ್ಕಾಗಿ ಸೇರಿಸಿದ್ದಾನೆ.

ನವೆಂಬರ್‌ನಿಂದ ಮಾರ್ಚ್‌ವರೆಗಿನ ಪಶ್ಚಿಮ ಮಾರುತದಲ್ಲಿ ಅಲೆ ಎದ್ದು ಸರಕುದೋಣಿಗಳ ಓಡಾಟ ನಿಂತೇ ಹೋಗುವ ದಿನಗಳಿದ್ದವು. ಕಪ್ಪು ಮೋಡ, ಬಿರುಗಾಳಿ, ಅದರ ನಡುವೆ ತುಂಬಿದ ಸರಕುದೋಣಿ ಹಾಯಾಗಿ ಹೋಗುತ್ತಿದ್ದರೆ ಅದು ಯುರೋಪಿನ ಉತ್ತರ ಸಮುದ್ರದ ಆಕಾಶವನ್ನು ತಂದು ಕೂರಿಸಿದ್ದು.

ದಿಕ್ಸೂಚಿ

ಹಾಯಿಪಟ ಸರ್ ನೀರು, ಗಾಳಿ ಹೇಳಿದರು. ನಾನು ಬೆಟ್ಟ ಮತ್ತು ಬಿಸಿಲು ಹೇಳುತ್ತೇನೆ. ಇವೆರಡನ್ನೂ ಸ್ಕೇಲು ಹಿಡಿದೇ ಪರೀಕ್ಷಿಸಬಹುದು.

ಬಟಾವಿಯಾ ಜಾವಾ ದ್ವೀಪದ ಉತ್ತರ ಕರಾವಳಿಯ ಊರು. ಹಡಗಿನಿಂದ ಊರಿಗೆ ಮುಖ ಮಾಡಿದರೆ ದಕ್ಷಿಣಕ್ಕೆ ಮುಖ ಮಾಡಿದ ಹಾಗೆ. ಎಡಕ್ಕೆ ಅಂದರೆ ಪೂರ್ವಕ್ಕೆ ಗೆಡೆ ಮತ್ತು ಪಾಂಗ್ರಾಂಗೊ ಜೋಡಿ ಶಿಖರ, ಪಾಂಗ್ರಾಂಗೊ 3,019 ಮೀಟರ್. ಬಲಕ್ಕೆ ಸಲಾಕ್, 2,211 ಮೀಟರ್. ಲಂಗರು ತಾಣದಿಂದ ಸಲಾಕ್ ಸುಮಾರು 70 ಕಿಲೋಮೀಟರ್ ದೂರ. ಭೂಮಿಯ ಬಾಗು ಕಳೆದರೆ ಅದು ನೀರಿನ ಗೆರೆಯಿಂದ ಒಂದೂವರೆ ಡಿಗ್ರಿಯಷ್ಟೇ ಮೇಲೇಳುತ್ತದೆ, ಹುಣ್ಣಿಮೆ ಚಂದ್ರನ ಮೂರು ಅಗಲ. ಸಲಾಕ್‌ಗೂ ಆ ಜೋಡಿಗೂ ನಡುವಿನ ಅಂತರ ಸುಮಾರು 20 ಡಿಗ್ರಿ.

ಇದರಿಂದ ಸಿಗುವ ಪರೀಕ್ಷೆಗೆ ಚಿತ್ರದ ಅಳತೆ ಗೊತ್ತಿರಬೇಕಾಗಿಲ್ಲ. ಎರಡು ಬೆಟ್ಟಗಳ ತುದಿಗಳ ನಡುವಿನ ಅಡ್ಡ ಅಂತರ ಅಳೆಯಿರಿ. ನೀರಿನ ಗೆರೆಯಿಂದ ಸಲಾಕ್ ತುದಿಯ ಎತ್ತರ ಅಳೆಯಿರಿ. ಎತ್ತರವು ಅಂತರದ 12–13ರಲ್ಲಿ ಒಂದು ಪಾಲು ಇರಬೇಕು. ತುದಿಗಳ ನಡುವೆ 26 ಸೆಂಟಿಮೀಟರ್ ಇದ್ದರೆ ಸಲಾಕ್ 2 ಸೆಂಟಿಮೀಟರ್. ಚಿತ್ರದಲ್ಲಿ ಅದು ಎರಡು ಮೂರು ಪಟ್ಟು ಎದ್ದಿರುವುದು ಮಾಮೂಲು. ಅಷ್ಟಕ್ಕೇ ಚಿತ್ರಕಾರ ಅಲ್ಲಿಗೆ ಹೋಗಿಲ್ಲ ಎನ್ನಬೇಡಿ, ಹೋದವರೂ ಬೆಟ್ಟ ಏರಿಸುತ್ತಾರೆ. ಆದರೆ ಬೆಟ್ಟಗಳ ಕ್ರಮ ತಪ್ಪಿದ್ದರೆ, ಇಲ್ಲವೇ ಒಂದೇ ಒಂದು ಚೂಪು ಕೋನ ನಿಂತಿದ್ದರೆ, ಅದು ಕೇಳಿ ಬರೆದ ಬೆಟ್ಟ.

ಒಂದೇ ಬೆಟ್ಟ ಇದ್ದಾಗ ಹಡಗಿನ ಜೊತೆ ಹೋಲಿಸಿ. 40 ಮೀಟರ್ ಕೂವೆಮರ ಅರ್ಧ ಕಿಲೋಮೀಟರ್ ದೂರದಲ್ಲಿ ನಾಲ್ಕೂವರೆ ಡಿಗ್ರಿ ಕಾಣುತ್ತದೆ. ಅಂದರೆ ಸಲಾಕ್ ಆ ಕೂವೆಮರದ ಮೂರನೇ ಒಂದು ಭಾಗಕ್ಕೆ ಬರಬೇಕು.

ಬಿಸಿಲಿನ ಲೆಕ್ಕ ಇನ್ನೂ ಚೆನ್ನ. ಬಟಾವಿಯಾ 6 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಜೂನ್ ಮಧ್ಯಾಹ್ನ ಸೂರ್ಯ ಅಲ್ಲಿ 60 ಡಿಗ್ರಿ ಎತ್ತರದಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ 61. ಎತ್ತರ ಒಂದೇ, ದಿಕ್ಕು ತಿರುಗುಮುರುಗು. ಆಮ್‌ಸ್ಟರ್‌ಡ್ಯಾಮಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿದರೆ ಸೂರ್ಯ ಎದುರಿಗೆ, ಹಡಗಿನ ನಮ್ಮ ಕಡೆಯ ಮೈ ಕಪ್ಪು. ಬಟಾವಿಯಾದಲ್ಲಿ ಜೂನ್ ತಿಂಗಳು ದಕ್ಷಿಣಕ್ಕೆ ನೋಡಿದರೆ ಸೂರ್ಯ ಬೆನ್ನ ಹಿಂದೆ, ಊರಿಗೂ ಹಡಗಿಗೂ ಪೂರ್ತಿ ಬೆಳಕು. ಡಿಸೆಂಬರ್‌ನಲ್ಲಿ ಸೂರ್ಯ ಎದುರಿಗೆ ಬರುತ್ತಾನೆ ನಿಜ, ಆದರೆ 72 ಡಿಗ್ರಿ ಮೇಲೆ, ಚೌಕಟ್ಟಿನ ಒಳಗಂತೂ ಅಲ್ಲ. ವರ್ಷದ ಯಾವ ದಿನವೂ ಸೂರ್ಯ ಊರಿನ ಹಿಂದೆ ಮುಳುಗುವುದಿಲ್ಲ. ಅತಿ ಹೆಚ್ಚೆಂದರೆ ದಕ್ಷಿಣದಿಂದ 66 ಡಿಗ್ರಿ ಬಲಕ್ಕೆ ಮುಳುಗುತ್ತಾನೆ, ಮಾಮೂಲಿ ಚಿತ್ರದ ಅಂಚು 30 ಡಿಗ್ರಿಗೇ ಮುಗಿದಿರುತ್ತದೆ. ಊರಿನ ತೆಂಗಿನ ಸಾಲಿನ ಹಿಂದೆ ಬಂಗಾರದ ಸೂರ್ಯಾಸ್ತ ಕಂಡರೆ ಅದು ಕೋಣೆಯಲ್ಲಿ ಹುಟ್ಟಿದ ಸೂರ್ಯಾಸ್ತ.

ನಕ್ಷೆಗಾರ

ದಿಕ್ಸೂಚಿ ಮೇಡಂ, ಇದೇ ಬೇಕಿತ್ತು. ಒಂದು ಪ್ರಶ್ನೆ. ಕೆಲವು ಚಿತ್ರಗಳಲ್ಲಿ ಬೆಟ್ಟ ನಿಜಕ್ಕೂ ದೊಡ್ಡದು, ಕೂವೆಮರಕ್ಕೆ ಸಮಸಮ. ಆದರೆ ಮೈಮೇಲಿನ ಕಣಿವೆ ಗೆರೆಗಳೆಲ್ಲ ನೋಡಿ ಬರೆದ ಹಾಗೆ ಖಚಿತವಾಗಿವೆ.

ದಿಕ್ಸೂಚಿ

ಹಾಗಿದ್ದರೆ ಊರೇ ಬೇರೆ ಇರಬಹುದು. ಮೊದಲು ಸೆಮರಾಂಗ್ ನೋಡಿ. ಅದೂ ಉತ್ತರ ಕರಾವಳಿಯ ತೆರೆದ ಲಂಗರು ತಾಣ. ಆದರೆ ಉಂಗಾರಾನ್ ಬೆಟ್ಟ (2,050 ಮೀಟರ್) ದಡದಿಂದ 26 ಕಿಲೋಮೀಟರ್ ಅಷ್ಟೇ, ನಾಲ್ಕು ಡಿಗ್ರಿಗೂ ಮೇಲೆ ಏಳುತ್ತದೆ. ‘ಬಟಾವಿಯಾ’ ಎಂಬ ಚೀಟಿಯನ್ನು ಚಿತ್ರ ಮಾರುವವರು ಧಾರಾಳವಾಗಿ ಅಂಟಿಸುತ್ತಾರೆ, ಹೆಸರು ಪರಿಚಿತ ನೋಡಿ. ಎದುರಿಗೆ ತಗ್ಗಾದ ಇನ್ನೊಂದು ನೆಲ, ನಡುವೆ ಇಕ್ಕಟ್ಟಾದ ಶಾಂತ ನೀರು ಇದ್ದರೆ ಸುರಬಾಯ, ಆಚೆಯದು ಮದುರಾ ದ್ವೀಪ. ಎರಡೂ ಬದಿ ಗುಡ್ಡ, ನಡುವೆ ಆಳದ ಕೊಲ್ಲಿ, ದಡದಲ್ಲಿ ಕೋಟೆ ಇದ್ದರೆ ಅಂಬೋನ್.

ಕಲ್ಲಚ್ಚು

ಅಲ್ಲಿಗೆ ಹೋದವರ ವಿಚಾರ. ಬಂದರನ್ನು ಕಣ್ಣಾರೆ ಕಂಡು ಬರೆದವರಲ್ಲಿ ವೃತ್ತಿ ಚಿತ್ರಕಾರರಿಗಿಂತ ನೌಕಾಪಡೆ, ಸೈನ್ಯ, ವ್ಯಾಪಾರದವರೇ ಜಾಸ್ತಿ. ನೌಕಾಧಿಕಾರಿ ಸಿ. ಡಬ್ಲ್ಯು. ಎಂ. ವಾನ್ ಡೆ ವೆಲ್ಡೆ (1818–1898) ಬರೆದ ಈಸ್ಟ್ ಇಂಡೀಸ್ (ಈಗಿನ ಇಂಡೋನೇಷ್ಯಾ) ದೃಶ್ಯಗಳು 1840ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಫ್ರಾನ್ಸ್ ಬುಫಾ ಪ್ರಕಾಶನದಿಂದ ಕಲ್ಲಚ್ಚಾಗಿ ಬಂದವು. (17ನೇ ಶತಮಾನದ ವಿಲ್ಲೆಮ್ ವಾನ್ ಡೆ ವೆಲ್ಡೆ ಬೇರೆ. ಹರಾಜಿನ ಪಟ್ಟಿಯಲ್ಲಿ ಗೊಂದಲವಾಗುತ್ತದೆ, ಬೆಲೆಯಲ್ಲಿ ಅಜಗಜಾಂತರ.) ಅಬ್ರಹಾಂ ಸಾಲ್ಮ್ ಜಾವಾದಲ್ಲಿ ವ್ಯಾಪಾರಿ, ತಂಬಾಕು ತೋಟಗಾರ. ಅವನ ಚಿತ್ರಗಳನ್ನು ಜೆ. ಸಿ. ಗ್ರೀವೆ ಕಲ್ಲಿಗೆ ಇಳಿಸಿದ. ಸೇನಾಧಿಕಾರಿ ಯೋಸಿಯಾಸ್ ರಾಪ್ಪಾರ್ಡ್‌ನ ಜಲವರ್ಣಗಳು 1880ರ ದಶಕದ ಆರಂಭದಲ್ಲಿ ಬಣ್ಣದ ಕಲ್ಲಚ್ಚಾದವು.

ಗಮನಿಸಿ, ಇಲ್ಲೆಲ್ಲ ನೋಡಿದವನ ಕೈ ಬೇರೆ, ಕಲ್ಲಿನ ಮೇಲೆ ಬರೆದವನ ಕೈ ಬೇರೆ. ಗ್ರೀವೆ ಯುರೋಪಿನಲ್ಲಿ ಕೂತು ಬರೆದವನು. ಸಾಮಾನ್ಯವಾಗಿ ಬೆಟ್ಟದ ಆಕಾರ, ದೋಣಿಯ ಕಟ್ಟು ಮೂಲದಿಂದ ಬರುತ್ತವೆ. ಮೋಡ, ಅಲೆ, ಮುಂದಿನ ಮರ ಕಲ್ಲಿನವನದು. ಒಂದೇ ಹಾಳೆಯಲ್ಲಿ ಬೆಟ್ಟ ನಿಜ, ಮೋಡ ಹಾಲೆಂಡಿನದು ಎಂಬಂತಾದರೆ ಅಚ್ಚರಿಯಿಲ್ಲ. ಹಾಗಾಗಿ ಇಡೀ ಚಿತ್ರಕ್ಕೆ ‘ನಿಜ’, ‘ಸುಳ್ಳು’ ಎಂದು ಮುದ್ರೆ ಒತ್ತಬೇಡಿ, ಭಾಗ ಭಾಗವಾಗಿ ಹೇಳಿ.

ಕಲ್ಲಚ್ಚಿನ ಇನ್ನೊಂದು ಅಪಾಯ ಎಡಬಲ ಅದಲುಬದಲು. ಕಲ್ಲಿನ ಮೇಲೆ ಬರೆದದ್ದು ಕಾಗದಕ್ಕೆ ತಿರುಗಿ ಬೀಳುತ್ತದೆ. ಬರೆಯುವಾಗಲೇ ತಿರುಗಿಸಿ ಬರೆಯದಿದ್ದರೆ ಬಂದರು ಕನ್ನಡಿಯೊಳಗಿನದಾಗುತ್ತದೆ. ಡಚ್ ಧ್ವಜ ಇಲ್ಲಿ ನೆರವಿಗೆ ಬಾರದು, ಅಡ್ಡ ಪಟ್ಟೆಗಳಾದ್ದರಿಂದ ಕನ್ನಡಿಯಲ್ಲೂ ಕೆಂಪು ಮೇಲೆಯೇ. ಬೆಟ್ಟಗಳ ಕ್ರಮ ನೋಡಿ. ಜೊತೆಗೆ ಕಾಲುವೆ ಬಾಯಿಯ ಕಾವಲು ಗೋಪುರ ನೋಡಿ. ಅದು ಕಾಲುವೆಯ ಪಶ್ಚಿಮ ದಡದಲ್ಲಿದೆ, ಸಮುದ್ರದಿಂದ ನೋಡಿದರೆ ಬಲಕ್ಕೆ ಬರಬೇಕು. ಆ ಗೋಪುರ ಕಟ್ಟಿದ್ದು 1839ರಲ್ಲಿ, ಇಂದಿಗೂ ನಿಂತಿದೆ. ಚಿತ್ರದಲ್ಲಿ ಅದಿದ್ದರೆ 1839ಕ್ಕಿಂತ ಹಿಂದಿನದಲ್ಲ, ಕಾಲನಿರ್ಣಯಕ್ಕೆ ಇಷ್ಟು ಸುಲಭದ ಗುರುತು ಇನ್ನೊಂದಿಲ್ಲ.

ಅಚ್ಚಿನ ಹಾಳೆ ಕೈಗೆ ಸಿಕ್ಕರೆ 10 ಪಟ್ಟಿನ ಮಸೂರ ಸಾಕು. ಕಲ್ಲಚ್ಚಿನಲ್ಲಿ ಕಾಣುವುದು ಬಳಪದ ಒರಟು ಕಾಳು, ಒಂದಕ್ಕೊಂದು ಹೋಲದ ಚುಕ್ಕಿ. ಸಾಲುಸಾಲು ಚುಕ್ಕಿಗಳ ಹೂವಿನಂಥ ವಿನ್ಯಾಸ ಕಂಡರೆ ಈಚಿನ ಆಫ್‌ಸೆಟ್ ಮುದ್ರಣ. ಕೈಬಣ್ಣ ಆಮೇಲೆ ಹಾಕಿದ್ದೋ ಎಂದು ತಿಳಿಯಲು ಕಾಗದದ ಕಂದು ಕಲೆಗಳ ಹತ್ತಿರ ನೋಡಿ. ಕಲೆಯಿರುವೆಡೆ ಕಾಗದದ ಅಂಟುಗುಣ ಹೋಗಿರುವುದರಿಂದ ಹೊಸ ಬಣ್ಣ ಅಲ್ಲಿ ಹೀರಿಕೊಂಡು ಗಾಢವಾಗುತ್ತದೆ. ಪ್ರಕಾಶಕರ ಹೆಸರಿರುವ ಕೆಳಗಿನ ಅಂಚನ್ನು ಕತ್ತರಿಸಿದ ಹಾಳೆಗೆ ಹೆಚ್ಚು ಬೆಲೆ ಕೊಡಬೇಡಿ.

ಬಣ್ಣದಂಗಡಿ

ತೈಲಚಿತ್ರಕ್ಕೆ ಬಣ್ಣದ ಪುಡಿಯೇ ಪಂಚಾಂಗ. ಪ್ರಷ್ಯನ್ ನೀಲಿ 18ನೇ ಶತಮಾನದ್ದು, ಅದರಿಂದ ಏನೂ ತಿಳಿಯದು. ಕೋಬಾಲ್ಟ್ ನೀಲಿ 1802ರ ನಂತರ. ಕೃತಕ ಅಲ್ಟ್ರಾಮರೀನ್ 1828ರಿಂದ. ವಿರಿಡಿಯನ್ ಹಸಿರಿಗೆ ಪೇಟೆಂಟ್ ಸಿಕ್ಕಿದ್ದು 1859ರಲ್ಲಿ. ‘1835’ ಎಂದು ಸಹಿಯಿರುವ ಚಿತ್ರದ ತೆಂಗಿನ ಗರಿಯಲ್ಲಿ ವಿರಿಡಿಯನ್ ಸಿಕ್ಕರೆ ಗರಿ ಆಮೇಲಿನದು, ಅಥವಾ ಸಹಿಯೇ ಆಮೇಲಿನದು. ಆಕಾಶದಲ್ಲಿ ಟೈಟಾನಿಯಂ ಬಿಳಿ ಸಿಕ್ಕರೆ ಅದು 20ನೇ ಶತಮಾನದ ಕೈ. ಎಕ್ಸ್‌ರೇ ಫ್ಲೋರೆಸೆನ್ಸ್ ಯಂತ್ರ ಟೈಟಾನಿಯಂ, ಸತು, ಕ್ರೋಮಿಯಂಗಳನ್ನು ಸಲೀಸಾಗಿ ತೋರಿಸುತ್ತದೆ. ಆದರೆ ಕ್ರೋಮಿಯಂ ಕ್ರೋಮ್ ಹಳದಿಯಲ್ಲೂ ಇದೆ, ಜೊತೆಗೆ ಸೀಸ ಇದೆಯೇ ಎಂದು ನೋಡದೆ ವಿರಿಡಿಯನ್ ಎಂದು ಹೇಳಬಾರದು. ಅಲ್ಟ್ರಾಮರೀನ್ ಹಗುರ ಧಾತುಗಳದ್ದು, ಆ ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ.

ಯಂತ್ರ ಇಲ್ಲದಿದ್ದರೆ ಕತ್ತಲೆ ಕೋಣೆ ಮತ್ತು ನೇರಳಾತೀತ ದೀಪ. ಹಳೆಯ ರಾಳದ ವಾರ್ನಿಷ್ ಹಸಿರುಮಿಶ್ರಿತ ಹೊಳಪು ಕೊಡುತ್ತದೆ, ಅದರ ಮೇಲೆ ಆಮೇಲೆ ತೇಪೆ ಹಾಕಿದ್ದು ಕಪ್ಪಾಗಿ ಎದ್ದು ಕಾಣುತ್ತದೆ. ಬಂದರಿನ ಚಿತ್ರಗಳಲ್ಲಿ ತೇಪೆ ಹೆಚ್ಚಾಗಿ ಸಿಗುವ ಜಾಗ ಮೂರು: ಆಕಾಶ, ಧ್ವಜ, ಹಡಗಿನ ಹಿಂಭಾಗದ ಹೆಸರು. ಧ್ವಜವೂ ಹೆಸರೂ ಕಪ್ಪಾದರೆ ಯಾವುದೋ ಹಡಗನ್ನು ಡಚ್ ಹಡಗಾಗಿಸಿ ಮಾರಿರುವ ಸಾಧ್ಯತೆ ಇದೆ.

ಮುಂದಿನ ಕತ್ತಲೆ ನೀರಿನಲ್ಲಿ ಮೊಸಳೆ ಚರ್ಮದಂತೆ ಅಗಲ ಬಿರುಕುಗಳಿದ್ದರೆ ಡಾಮರಿನ ಜಾತಿಯ ಬಿಟುಮೆನ್ ಕಂದು ಬಳಸಿದ್ದಾರೆ. ಅದು ಎಂದೂ ಪೂರ್ತಿ ಒಣಗುವುದಿಲ್ಲ, ಮೇಲಿನ ಪದರ ಒಣಗಿ ಜಾರಿ ಬಿರಿಯುತ್ತದೆ. ಬೆನ್ನಿಗೆ ಇನ್ನೊಂದು ಕ್ಯಾನ್ವಾಸು, ಮೇಣದ ವಾಸನೆ ಇದ್ದರೆ ಅದು ಡಚ್ಚರ ಮೇಣ-ರಾಳದ ಬೆನ್ನುಪಟ್ಟಿ. ಹಾಪ್‌ಮನ್ ಎಂಬ ಚಿತ್ರ ದುರಸ್ತಿಗಾರ 1851ರಲ್ಲಿ ರೆಂಬ್ರಾಂಟನ ‘ನೈಟ್ ವಾಚ್’ಗೆ ಮಾಡಿದ್ದೂ ಇದನ್ನೇ. ತೇವ ತಡೆಯುತ್ತದೆ, ಆದರೆ ಬಣ್ಣ ಶಾಶ್ವತವಾಗಿ ಕಪ್ಪೇರುತ್ತದೆ. ಅಂಥ ಚಿತ್ರದ ಮಂಕು ಬೆಳಕನ್ನು ನೋಡಿ ‘ಮಳೆಗಾಲದ ಜಾವಾ’ ಎಂದು ಬರೆಯಬಾರದು.

ಕರಾವಳಿ ಓದುಗ

ಡಚ್ಚರು ಬಸರೂರಿನಲ್ಲೂ ವ್ಯಾಪಾರದ ಕೋಠಿ ಇಟ್ಟಿದ್ದರು, ಕೊಚ್ಚಿಯಂತೂ ಅವರದೇ ಆಗಿತ್ತು. ಹಾಗಿದ್ದೂ ಈ ಕಾಲದ ಡಚ್ ಚಿತ್ರಗಳಲ್ಲಿ ನಮ್ಮ ಕರಾವಳಿ ಯಾಕಿಲ್ಲ?

ಹಾಯಿಪಟ

ಬಸರೂರಿನ ಕೋಠಿ 17ನೇ ಶತಮಾನದಲ್ಲೇ ಮುಗಿಯಿತು. ಕೊಚ್ಚಿ 1795ರಲ್ಲಿ ಬ್ರಿಟಿಷರ ಕೈಸೇರಿತು. ಉಳಿದ ಭಾರತದ ನೆಲೆಗಳನ್ನು 1824ರ ಆಂಗ್ಲೋ-ಡಚ್ ಒಪ್ಪಂದದಲ್ಲಿ ಬಿಟ್ಟುಕೊಟ್ಟರು. ಅದೇ 1824ರಲ್ಲಿ ಡಚ್ ವ್ಯಾಪಾರ ಸಂಸ್ಥೆ ಎನ್‌ಎಚ್‌ಎಂ ಹುಟ್ಟಿತು, 1830ರಲ್ಲಿ ಜಾವಾದ ರೈತರು ಸರ್ಕಾರಕ್ಕಾಗಿ ರಫ್ತಿನ ಬೆಳೆ ಬೆಳೆಯಲೇಬೇಕಾದ ಕಡ್ಡಾಯ ಬೆಳೆ ಪದ್ಧತಿ ಬಂತು. ಕಾಫಿ, ಸಕ್ಕರೆ, ಬಟ್ಟೆಗೆ ಹಾಕುವ ನೀಲಿ ಬಣ್ಣ ಸಾಗಿಸಲು ಎನ್‌ಎಚ್‌ಎಂ ಡಚ್ ಹಡಗುಗಳನ್ನು ಸರದಿಯಂತೆ ಬಾಡಿಗೆಗೆ ಹಿಡಿಯತೊಡಗಿತು. ಹಡಗು ಕಟ್ಟುವುದು ಲಾಭದ ಕಸುಬಾಯಿತು, ಹಡಗಿನ ಒಡೆಯರೂ ಕಪ್ತಾನರೂ ತಮ್ಮ ಹಡಗಿನ ಚಿತ್ರ ಬರೆಸಿ ಗೋಡೆಗೆ ಹಾಕಿದರು. ಬಟಾವಿಯಾದ ಚಿತ್ರಗಳು ಇಷ್ಟೊಂದು ಇರುವುದಕ್ಕೆ ಕಾರಣ ಈ ದುಡ್ಡು.

ಕೂಲಿಲೆಕ್ಕ

ಆ ದುಡ್ಡು ಎಲ್ಲಿಂದ ಬಂತು ಎಂಬುದನ್ನೇ ಈ ಚಿತ್ರಗಳು ಮರೆಸುತ್ತವೆ. ಹಡಗಿಗೆ 700 ಟನ್ ಕಾಫಿ ತುಂಬಬೇಕು ಎಂದಿಟ್ಟುಕೊಳ್ಳಿ. ಜಾವಾದ ಅಳತೆಯಲ್ಲಿ ಒಂದು ಪಿಕುಲ್ 61.76 ಕಿಲೋ, ಒಬ್ಬ ಆಳಿನ ಹೆಗಲ ಹೊರೆ. ಅಂದರೆ 11,300 ಹೊರೆ. ಗೋದಾಮಿನಿಂದ ದೋಣಿಗೆ ಒಮ್ಮೆ, ದೋಣಿಯಿಂದ ಹಡಗಿಗೆ ಇನ್ನೊಮ್ಮೆ. ಹಾಯಿಪಟ ಅವರು ಹೇಳಿದ ಹೂಳಿನಿಂದಾಗಿ ಪ್ರತಿ ಹೊರೆಯನ್ನೂ ಎರಡು ಸಲ ಎತ್ತಬೇಕಿತ್ತು. ಚಿತ್ರದಲ್ಲಿ ಕಾಣುವುದು ಮುಂದಿನ ದೋಣಿಯಲ್ಲಿ ಮೂವರು, ಅದರಲ್ಲೂ ಒಬ್ಬ ಕೂತು ದಡ ನೋಡುತ್ತಿರುತ್ತಾನೆ. ಇಂಡೋನೇಷ್ಯಾದ ಚಿತ್ರಕಾರ ಸುಜೋಯೋನೊ 1930ರ ದಶಕದ ಕೊನೆಗೆ ‘ಮೋಯ್ ಇಂಡೀ’ ಅಂದರೆ ‘ಚೆಲುವಿನ ಇಂಡೀಸ್’ ಎಂದು ಇಂಥ ಚಿತ್ರಗಳ ಮೇಲೆ ಹರಿಹಾಯ್ದದ್ದು ಸುಮ್ಮನೆ ಅಲ್ಲ.

ಕಲ್ಲಚ್ಚು

ತೈಲಚಿತ್ರಗಳ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಕಲ್ಲಚ್ಚಿಗೆ ಅದೇ ಮಾತು ಪೂರ್ತಿ ಹೊಂದುವುದಿಲ್ಲ. ಅಧಿಕಾರಿಗಳ ರೇಖಾಚಿತ್ರಗಳಲ್ಲಿ ಹೊರೆ ಕಟ್ಟುವ ಬಗೆ, ಹೆಗಲ ಬಿದಿರು, ಜಾವಾದ ಮಾಯಾಂಗ್ ದೋಣಿಯ ಓರೆ ಹಾಯಿ, ಚೀನೀ ಜಂಕ್‌ ಹಡಗಿನ ಮೂತಿಯ ಕಣ್ಣು ಇವೆಲ್ಲ ಗಮನವಿಟ್ಟು ಬರೆದವು. ಅವರು ನೋಡಲಿಲ್ಲ ಎನ್ನಲಾರೆ. ನೋಡಿದ್ದನ್ನು ತೈಲಚಿತ್ರಕ್ಕೆ ಏರಿಸುವಾಗ ಕೊಳ್ಳುವವನ ಗೋಡೆಗೆ ಬೇಡವಾದದ್ದು ಉದುರಿಹೋಯಿತು.

ಕೂಲಿಲೆಕ್ಕ

ಉದುರಿದ್ದು ಯಾವಾಗಲೂ ಅದೇ ಯಾಕೆ ಎಂಬುದೇ ನನ್ನ ತಕರಾರು. ಹಗ್ಗದ ಗಂಟು ಒಂದೂ ಉದುರುವುದಿಲ್ಲ, ಹೊರೆ ಹೊತ್ತವನು ಉದುರುತ್ತಾನೆ. ಚಿತ್ರಕಾರ ರಾದೆನ್ ಸಾಲೆಹ್ ಅವರನ್ನೇ ನೋಡಿ. ಜಾವಾದಲ್ಲಿ ಹುಟ್ಟಿ, 1829ರಲ್ಲಿ ನೆದರ್ಲ್ಯಾಂಡ್ಸ್‌ಗೆ ಹೋಗಿ, ಡಚ್ ಚಿತ್ರಕಾರ ಸ್ಕೆಲ್ಫ್‌ಹೌಟ್ ಬಳಿ ನಿಸರ್ಗಚಿತ್ರ ಕಲಿತವರು. ಆ ಬಂದರನ್ನು ಬಲ್ಲವರು ಅಲ್ಲಿ ಕಡಲನ್ನು ಬರೆದದ್ದು ಬಿರುಗಾಳಿಗೆ ಸಿಕ್ಕ ಯುರೋಪಿನ ಹಡಗುಗಳ ರೂಪದಲ್ಲಿ. ಕೊಳ್ಳುವವರು ಕೇಳಿದ್ದು ಅದನ್ನೇ.

ದಿಕ್ಸೂಚಿ

ಡಚ್ಚರ ಪಶ್ಚಿಮದ ವಸಾಹತುಗಳ (ಕೆರಿಬಿಯನ್ ದ್ವೀಪ ಕುರಸಾವ್, ದಕ್ಷಿಣ ಅಮೆರಿಕದ ಸುರಿನಾಮ್) ಬಗ್ಗೆ ಎರಡು ಮಾತು, ಅಲ್ಲಿ ನಿಯಮ ಬೇರೆ. ನೌಕಾಧಿಕಾರಿ ವೋರ್‌ಡೌನ್ ಬರೆದು, ಹೇಮ್ಸ್‌ಕರ್ಕ್ ವಾನ್ ಬೇಸ್ಟ್ ಕಲ್ಲಿಗಿಳಿಸಿದ ದೃಶ್ಯಗಳು 1860ರ ಸುಮಾರಿಗೆ ಬಂದವು. ವಾನ್ ಬೇಸ್ಟ್ ತಾನೂ ನೌಕಾಪಡೆಯಲ್ಲಿದ್ದವನು, ಹಾಗಾಗಿ ಹಡಗುಗಳನ್ನು ನಂಬಬಹುದು. ಕುರಸಾವ್‌ನಲ್ಲಿ ಪೂರ್ವದ ಗಾಳಿ ಹೆಚ್ಚುಕಡಿಮೆ ವರ್ಷವಿಡೀ. ಸಮುದ್ರದಿಂದ ಅದರ ಬಂದರು ಊರು ವಿಲ್ಲೆಮ್‌ಸ್ಟಾಡ್ ನೋಡಿದರೆ ಬಲಕ್ಕೆ ಪುಂಡಾ ಬಡಾವಣೆ, ಎಡಕ್ಕೆ ಓಟ್ರೊಬಾಂಡಾ, ಧ್ವಜಗಳು ಎಡಕ್ಕೇ ಹಾರಬೇಕು. ನಡುವೆ ತೇಲುಸೇತುವೆ ಇದ್ದರೆ 1888 ಅಥವಾ ಆಮೇಲೆ. ಸುರಿನಾಮ್‌ನ ಪಾರಾಮಾರಿಬೊ ನದೀ ಬಂದರು, ಅಲ್ಲಿ ಭರತ ಇಳಿತದ ಸೆಳೆತ ಜೋರು. ಲಂಗರಿನ ಹಡಗು ಸೆಳೆತಕ್ಕೆ ತಿರುಗುತ್ತದೆ, ಗಾಳಿಗಲ್ಲ. ಹಾಗಾಗಿ ಅಲ್ಲಿ ಧ್ವಜ ಪಕ್ಕಕ್ಕೆ ಹಾರಿದರೆ ತಪ್ಪಲ್ಲ. ಬಟಾವಿಯಾದ ಪರೀಕ್ಷೆಯನ್ನು ಹಾಗೇ ಅಲ್ಲಿಗೆ ಒಯ್ಯಬೇಡಿ.

ನಕ್ಷೆಗಾರ

ಕೊನೆಯದಾಗಿ, ಹಡಗಿನ ಹೆಸರು ಓದಲು ಬರುತ್ತಿದೆ, ವರ್ಷ ಇಲ್ಲ. ಕೂವೆಮರದ ಮೇಲೆ ಅಂಕಿಯಿರುವ ಒಂದು ಬಾವುಟವೂ ಇದೆ. ಅದು ಹಡಗಿನ ನಂಬರೇ?

ಹಾಯಿಪಟ

ಅಲ್ಲ, ಕಪ್ತಾನನ ನಂಬರು. ಆಮ್‌ಸ್ಟರ್‌ಡ್ಯಾಮಿನ ‘ಝೇಮಾನ್ಸ್‌ಹೋಪ್’ನಂಥ ನಾವಿಕರ ಸಂಘಗಳು (ಇದು 1822ರಲ್ಲಿ ಶುರುವಾದದ್ದು) ಸದಸ್ಯ ಕಪ್ತಾನರಿಗೆ ಅಂಕಿಯ ಬಾವುಟ ಕೊಡುತ್ತಿದ್ದವು. ಕಪ್ತಾನ ಹಡಗು ಬದಲಿಸಿದರೆ ಅಂಕಿ ಅವನ ಜೊತೆ ಹೋಗುತ್ತಿತ್ತು. ಯಾಕೋಬ್ ಸ್ಪಿನ್ (1806–1875) ಬರೆದ ಹಡಗುಗಳ ಭಾವಚಿತ್ರಗಳಲ್ಲಿ ಇಂಥ ಬಾವುಟ ನೋಡಬಹುದು. ಹಡಗಿನ ಹೆಸರು ಮತ್ತು ಕಪ್ತಾನನ ಅಂಕಿ ಎರಡೂ ಸಿಕ್ಕರೆ ಆ ಕಪ್ತಾನ ಆ ಹಡಗಿನಲ್ಲಿದ್ದ ಕೆಲವೇ ವರ್ಷಗಳಿಗೆ ಕಾಲ ಇಳಿಯುತ್ತದೆ.

ಆಮೇಲೆ ಡೆಲ್ಫರ್ ಜಾಲತಾಣಕ್ಕೆ ಹೋಗಿ, ಹಳೆಯ ಡಚ್ ಪತ್ರಿಕೆಗಳು ಅಲ್ಲಿ ಉಚಿತ. 1852ರಿಂದ ಬಟಾವಿಯಾದಲ್ಲಿ ಬರುತ್ತಿದ್ದ ‘ಜಾವಾ-ಬೋಡೆ’ಯಲ್ಲಿ ಬಂದ, ಹೊರಟ ಹಡಗುಗಳ ಪಟ್ಟಿ ಇರುತ್ತದೆ. ಹಡಗಿನ ಹೆಸರಿನ ಜೊತೆ ಕಪ್ತಾನನ ಅಡ್ಡಹೆಸರನ್ನೂ ಹಾಕಿ ಹುಡುಕಿ, ಒಂದೇ ಹೆಸರಿನ ಹಡಗುಗಳು ಹಲವು. ಡಚ್ ಕಾಗುಣಿತ ಬದಲಾಗಿರುವುದರಿಂದ ಒಂದು ಹೆಸರನ್ನು ಎರಡು ಮೂರು ಬಗೆಯಲ್ಲಿ ಹುಡುಕಬೇಕಾಗುತ್ತದೆ, ‘ಐಜೆ’ (ij) ಇರುವ ಕಡೆ ‘ವೈ’ (y) ಹಾಕಿಯೂ ನೋಡಿ. ಬಂದ ತಾರೀಕು ಜನವರಿ ಎಂದು ಸಿಕ್ಕಿ, ಚಿತ್ರದಲ್ಲಿ ಮಾತ್ರ ಕಡಲು ಕನ್ನಡಿಯಂತಿದ್ದು ಸರಕುದೋಣಿಗಳು ಸಾಲುಗಟ್ಟಿದ್ದರೆ, ಆ ನೀರನ್ನು ಬೇರೆ ಕಡೆಯಿಂದ ತಂದಿರಬಹುದು. ಆಗ ದಿಕ್ಸೂಚಿ ಅವರ ಬೆಟ್ಟದ ಅಳತೆಯನ್ನೂ ಸೇರಿಸಿ ಇಲ್ಲಿ ಹಾಕಿ, ಮುಂದಿನದನ್ನು ನೋಡೋಣ.